ಹಗುರವಾದ ಪ್ರೇಮಹಾಸ್ಯ ಚಿತ್ರವನ್ನು ಮನಸಾರೆ ನೋಡುವುದು ಹೇಗೆ?

ಪ್ರೇಮಹಾಸ್ಯ ಚಿತ್ರಗಳ ವಿಷಯ ಬಂದಾಗಲೆಲ್ಲ ಓದುಗರು ಮರಳಿ ಮರಳಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೊನೆಗೆ ಇಬ್ಬರೂ ಒಂದಾಗುತ್ತಾರೆಂದು ಮೊದಲೇ ಗೊತ್ತಿರುವಾಗ ನೋಡುವುದಕ್ಕೆ ಇನ್ನೇನು ಉಳಿದಿರುತ್ತದೆ? ಎಲ್ಲರೂ ಬಿದ್ದುಬಿದ್ದು ನಕ್ಕ ಚಿತ್ರದಲ್ಲಿ ನನಗೆ ಮಾತ್ರ ನಗು ಬರಲಿಲ್ಲವೇಕೆ? ಇಂಥ ಚಿತ್ರಕ್ಕೆ ಒಂದು ಸಂಜೆಯನ್ನು ಕೊಡುವುದು ಕಾಲಹರಣವಲ್ಲವೇ? ಈ ಮೂರು ಪ್ರಶ್ನೆಗಳಿಗೂ ಉತ್ತರವಾಗುವಂತೆ, ಚಿತ್ರವನ್ನು ಆರಿಸುವಲ್ಲಿಂದ ಹಿಡಿದು ನೋಡಿ ಮುಗಿಸಿದ ನಂತರದವರೆಗೆ ನೀವು ಏನು ಮಾಡಬಹುದು, ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಪ್ರೇಮಹಾಸ್ಯವೆಂದರೆ, ಒಂದು ಜೋಡಿ ಪ್ರೀತಿಯ ಕಡೆಗೆ ಎಡವುತ್ತ, ಜಗಳವಾಡುತ್ತ, ತಪ್ಪು ತಿಳಿಯುತ್ತ ಸಾಗುವ ದಾರಿಯನ್ನು ನಗುವಿನ ಮೂಲಕ ಹೇಳುವ ಕಥೆ. ‘ರೊಮ್ಯಾಂಟಿಕ್ ಕಾಮಿಡಿ’, ಚುಟುಕಾಗಿ ‘ರೋಮ್‌ಕಾಮ್’ ಎಂದು ನಾವು ಕರೆಯುವುದು ಇದನ್ನೇ. ಸಿನಿಮಾ ಹುಟ್ಟುವುದಕ್ಕೆ ಬಹಳ ಮೊದಲೇ ಈ ಬಗೆಯ ಕಥೆ ರಂಗದ ಮೇಲಿತ್ತು. ಕ್ರಿಸ್ತಪೂರ್ವ 4ನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿನ ಮೆನಾಂಡರ್ ಬರೆದ ನಾಟಕಗಳಲ್ಲಿ ಪ್ರೇಮಿಗಳಿಗೆ ಎದುರಾದ ಅಡ್ಡಿ ಕೊನೆಗೆ ನಿವಾರಣೆಯಾಗಿ ಮದುವೆಯ ಮಾತು ಬರುತ್ತದೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ವೂ ಇದೇ ಜಾತಿಗೆ ಸೇರಿದ್ದು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತನ ನಾಟ್ಯಶಾಸ್ತ್ರವೇ ಹೇಳುತ್ತದೆ. ಇಷ್ಟು ಶತಮಾನಗಳ ಕಾಲ ಪ್ರೇಕ್ಷಕರು ಕೊನೆಯನ್ನು ಬಲ್ಲವರಾಗಿಯೇ ಈ ಕಥೆಗಳ ಮುಂದೆ ಬಂದು ಕುಳಿತಿದ್ದಾರೆ. ಕೊನೆ ಗೊತ್ತಿರುವುದರಿಂದ ಮನಸ್ಸಿಗೆ ‘ಮುಂದೇನಾಗುತ್ತದೋ’ ಎಂಬ ಆತಂಕವಿರುವುದಿಲ್ಲ, ಆ ನಿರಾಳದಲ್ಲಿ ‘ಇದು ಹೇಗೆ ಆಗುತ್ತದೆ’ ಎಂಬುದನ್ನು ಸವಿಯುವ ಬಿಡುವು ಸಿಗುತ್ತದೆ. ಕೆಳಗಿನ ಹಂತಗಳೆಲ್ಲವೂ ಈ ಬಿಡುವನ್ನು ಉಳಿಸಿಕೊಳ್ಳುವ ಉಪಾಯಗಳು.

ಏನೇನು ಬೇಕು?

ಬೇಕಾದದ್ದು ಸ್ವಲ್ಪವೇ. ಚಿತ್ರದ ಅವಧಿಯಷ್ಟು ತಡೆಯಿಲ್ಲದ ಸಮಯ, ಮಾತು ಸ್ಪಷ್ಟವಾಗಿ ಕೇಳಿಸುವ ಧ್ವನಿವ್ಯವಸ್ಥೆ, ಕೈಗೆಟುಕದಷ್ಟು ದೂರದಲ್ಲಿಟ್ಟ ಫೋನ್. ಈ ಮೂರರಲ್ಲಿ ಹೆಚ್ಚಿನವರು ಕಡೆಗಣಿಸುವುದು ಎರಡನೆಯದನ್ನು, ಅತಿ ಕಷ್ಟವೆಂದು ಭಾವಿಸುವುದು ಮೂರನೆಯದನ್ನು.

ಹಂತ 1: ಚಿತ್ರದ ಹೆಸರಿಗಿಂತ ಮೊದಲು ನಿಮ್ಮ ಮನಃಸ್ಥಿತಿಯನ್ನು ನೋಡಿಕೊಳ್ಳಿ

‘ರೋಮ್‌ಕಾಮ್’ ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ಬಗೆಯ ಚಿತ್ರಗಳಿವೆ. ಮಾತಿನ ಚಕಮಕಿಯೇ ಪ್ರಧಾನವಾದವು ಕೆಲವು, ಬೀಳುವ ಏಳುವ ಓಡುವ ದೈಹಿಕ ಹಾಸ್ಯದ ಮೇಲೆ ನಿಂತವು ಕೆಲವು, ನಗುವಿಗಿಂತ ಮಾಧುರ್ಯವೇ ಹೆಚ್ಚಾಗಿರುವವು ಇನ್ನು ಕೆಲವು. ದಣಿದು ಬಂದ ಸಂಜೆ ವೇಗದ ಮಾತುಗಳ ಚಿತ್ರವನ್ನು ಹಾಕಿಕೊಂಡರೆ ಅರ್ಧ ಹಾಸ್ಯ ಕೈತಪ್ಪಿ ಹೋಗುತ್ತದೆ, ಆಗ ‘ಚಿತ್ರ ಚೆನ್ನಾಗಿಲ್ಲ’ ಎಂದು ನಿಮಗೆ ಅನ್ನಿಸುವುದು ಸಹಜ. ಗೆಲುವಾಗಿರುವ ದಿನ ನಿಧಾನಗತಿಯ ಚಿತ್ರವನ್ನು ಹಾಕಿದರೂ ಇದೇ ಪಾಡು. ಆದ್ದರಿಂದ ಮೊದಲು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಳ್ಳಿ: ಇಂದು ನನಗೆ ಜೋರಾಗಿ ನಗಬೇಕೆನಿಸಿದೆಯೋ, ಹಿತವಾಗಿ ಕುಳಿತಿರಬೇಕೆನಿಸಿದೆಯೋ?

ಅನಂತರ ಚಿತ್ರದ ಹೂರಣವನ್ನು ನೋಡಿ. ಈ ಪ್ರಕಾರದಲ್ಲಿ ಕೆಲವು ಸಿದ್ಧ ಸನ್ನಿವೇಶಗಳು ಮತ್ತೆ ಮತ್ತೆ ಬರುತ್ತವೆ. ಇವನ್ನು ‘ಟ್ರೋಪ್’ ಎನ್ನುತ್ತಾರೆ, ಅಂದರೆ ಪ್ರೇಕ್ಷಕರಿಗೂ ಕಥೆಗಾರರಿಗೂ ಪರಿಚಿತವಾಗಿರುವ ಕಥೆಯ ಅಚ್ಚು. ಮೊದಲ ನೋಟಕ್ಕೇ ಒಬ್ಬರನ್ನೊಬ್ಬರು ದ್ವೇಷಿಸುವ ಜೋಡಿ, ಯಾವುದೋ ಕಾರಣಕ್ಕೆ ಪ್ರೇಮಿಗಳಂತೆ ನಟಿಸಬೇಕಾಗಿ ಬಂದು ನಿಜಕ್ಕೂ ಪ್ರೀತಿಸತೊಡಗುವ ಜೋಡಿ, ಹೆಸರು ಅಥವಾ ಗುರುತು ಮುಚ್ಚಿಟ್ಟ ನಾಯಕ ಇಲ್ಲವೇ ನಾಯಕಿ, ವರ್ಷಗಟ್ಟಲೆ ಸ್ನೇಹಿತರಾಗಿದ್ದು ಒಂದು ದಿನ ಬೇರೆಯೇ ಕಣ್ಣಿನಿಂದ ನೋಡುವ ಗೆಳೆಯರು, ಇವು ಎಲ್ಲ ಭಾಷೆಯ ಚಿತ್ರಗಳಲ್ಲೂ ಸಿಗುತ್ತವೆ. ನಿಮಗೆ ಯಾವ ಅಚ್ಚು ಇಷ್ಟ ಎಂಬುದು ಒಮ್ಮೆ ಗೊತ್ತಾದರೆ ಆಯ್ಕೆಯ ತಾಪತ್ರಯ ಬಹುಪಾಲು ತಗ್ಗುತ್ತದೆ. ಹಿಂದೆ ನೀವು ಖುಷಿಪಟ್ಟ ಎರಡು ಮೂರು ಚಿತ್ರಗಳನ್ನು ನೆನಪಿಸಿಕೊಂಡರೆ ಅವುಗಳಲ್ಲಿ ಒಂದೇ ಅಚ್ಚು ಮರುಕಳಿಸಿರುವುದು ಅನೇಕ ವೇಳೆ ಕಾಣುತ್ತದೆ.

ಎಚ್ಚರ: ಟ್ರೇಲರ್ ನೋಡಿ ಆರಿಸಬೇಡಿ. ನಾಟಕೀಯ ಚಿತ್ರವೊಂದರ ಟ್ರೇಲರ್ ಕುತೂಹಲ ಹುಟ್ಟಿಸಿ ಸುಮ್ಮನಾಗಬಹುದು. ಆದರೆ ಹಾಸ್ಯಚಿತ್ರದ ಟ್ರೇಲರ್ ನಿಮ್ಮನ್ನು ಅಲ್ಲೇ ನಗಿಸಬೇಕಾಗುತ್ತದೆ, ಹಾಗಾಗಿ ಚಿತ್ರದ ಅತ್ಯುತ್ತಮ ಹಾಸ್ಯಗಳನ್ನೇ ಎತ್ತಿ ಅದರಲ್ಲಿ ಜೋಡಿಸಿರುತ್ತಾರೆ. ಪೂರ್ವಸಿದ್ಧತೆಯಿಲ್ಲದೆ ಒಮ್ಮೆ ಕೇಳಿಬಿಟ್ಟ ಹಾಸ್ಯ ತನ್ನ ಜಾಗದಲ್ಲಿ ಬಂದಾಗ ಮಂಕಾಗಿರುತ್ತದೆ. ಕಥಾಸಾರದ ಎರಡು ಸಾಲು, ನಿರ್ದೇಶಕರ ಅಥವಾ ನಟನಟಿಯರ ಹೆಸರು, ಚಿತ್ರದ ಅವಧಿ ಮತ್ತು ವಯೋಮಿತಿಯ ಸೂಚನೆ, ಇಷ್ಟು ತಿಳಿದರೆ ಸಾಕು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಅರ್ಧ ಗಂಟೆ ಕಳೆಯುವುದೂ ಅಷ್ಟೇ ಕೆಟ್ಟದ್ದು. ಆಯ್ಕೆಯಲ್ಲೇ ದಣಿದ ಮನಸ್ಸು ಚಿತ್ರದ ಮೊದಲ ದೃಶ್ಯಕ್ಕೇ ಮುನಿಸಿಕೊಂಡು ಕೂರುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ನಿರ್ಧರಿಸಿ.

ಹಂತ 2: ಪರದೆಯನ್ನೂ ಧ್ವನಿಯನ್ನೂ ಸರಿಪಡಿಸಿಕೊಳ್ಳಿ

ಚಿತ್ರಮಂದಿರದಲ್ಲಿ ಈ ಕೆಲಸವನ್ನು ಬೇರೆಯವರು ಮಾಡಿರುತ್ತಾರೆ. ಮನೆಯಲ್ಲಿ ನೋಡುವಾಗ ಮಾತ್ರ ಇದು ನಿಮ್ಮ ಪಾಲಿನದು, ಹತ್ತು ನಿಮಿಷ ಕೊಟ್ಟರೆ ಮುಗಿಯುತ್ತದೆ.

ಧ್ವನಿಯಿಂದ ಆರಂಭಿಸೋಣ, ಏಕೆಂದರೆ ಪ್ರೇಮಹಾಸ್ಯದ ಜೀವ ಮಾತಿನಲ್ಲಿದೆ. ಈಗಿನ ಅನೇಕ ಚಿತ್ರಗಳ ಧ್ವನಿಯನ್ನು ‘5.1’ ಎಂಬ ಕ್ರಮದಲ್ಲಿ ಹಂಚಿರುತ್ತಾರೆ, ಅಂದರೆ ಐದು ಸ್ಪೀಕರುಗಳಿಗೂ ತಗ್ಗಿನ ಗುಡುಗುದನಿಯ ಒಂದು ಸ್ಪೀಕರಿಗೂ. ಇದರಲ್ಲಿ ಪಾತ್ರಗಳ ಮಾತು ಮುಖ್ಯವಾಗಿ ಮಧ್ಯದ ಸ್ಪೀಕರಿನಿಂದ ಬರುತ್ತದೆ. ಟಿವಿಯೊಳಗಿನ ಎರಡು ಪುಟ್ಟ ಸ್ಪೀಕರುಗಳಿಗೆ ಇದೆಲ್ಲವನ್ನೂ ತುರುಕಿದಾಗ ಮಾತು ಪಿಸುಗುಟ್ಟಿದಂತೆಯೂ ಹಾಡು ಬೊಬ್ಬಿರಿದಂತೆಯೂ ಕೇಳಿಸುತ್ತದೆ. ಆಡಿಯೊ ಆಯ್ಕೆಗಳಲ್ಲಿ ‘ಸ್ಟೀರಿಯೊ’ ಎಂಬುದಿದ್ದರೆ ಅದನ್ನು ಆರಿಸಿ. ಟಿವಿಯಲ್ಲಿ ಮಾತನ್ನು ಎತ್ತಿ ಕೇಳಿಸುವ ವ್ಯವಸ್ಥೆಯಿದ್ದರೆ ಅದನ್ನು ಹಾಕಿ. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡುವವರು ಇಯರ್‌ಫೋನ್ ಹಾಕಿಕೊಳ್ಳುವುದು ಒಳ್ಳೆಯದು.

ಚಿತ್ರದ ವಿಷಯಕ್ಕೆ ಬಂದರೆ, ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರೀಕರಿಸುತ್ತಾರೆ. ಹೊಸ ಟಿವಿಗಳು ಈ ಚೌಕಟ್ಟುಗಳ ನಡುವೆ ತಾವೇ ಊಹಿಸಿದ ಚೌಕಟ್ಟುಗಳನ್ನು ಸೇರಿಸಿ ಚಲನೆಯನ್ನು ನಯಗೊಳಿಸುತ್ತವೆ. ಇದಕ್ಕೆ ‘ಮೋಷನ್ ಸ್ಮೂದಿಂಗ್’ ಎಂದು ಹೆಸರು. ಆಟದ ನೇರಪ್ರಸಾರಕ್ಕೆ ಇದು ಇಷ್ಟವಾದೀತು, ಆದರೆ ಮೃದುವಾದ ಬೆಳಕಿನಲ್ಲಿ ತೆಗೆದ ಪ್ರೇಮದೃಶ್ಯ ಇದರಿಂದಾಗಿ ಧಾರಾವಾಹಿಯ ಸೆಟ್ಟಿನಲ್ಲಿ ನಡೆದಂತೆ ಕಾಣುತ್ತದೆ. ಟಿವಿಯ ಚಿತ್ರ ಆಯ್ಕೆಗಳಲ್ಲಿ ಇದನ್ನು ನಿಲ್ಲಿಸಿಬಿಡಬಹುದು. ‘ಫಿಲ್ಮ್‌ಮೇಕರ್ ಮೋಡ್’ ಎಂಬ ಆಯ್ಕೆಯಿದ್ದರೆ ಅದೊಂದನ್ನು ಒತ್ತಿದರೂ ಸಾಕು.

ಸಬ್‌ಟೈಟಲ್ ಅಂದರೆ ಪರದೆಯ ಅಡಿಯಲ್ಲಿ ಬರುವ ಮಾತಿನ ಬರಹದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಟನ ಬಾಯಿಂದ ಮಾತು ಪೂರ್ತಿ ಹೊರಬರುವ ಮೊದಲೇ ಅದು ಬರಹದಲ್ಲಿ ಮೂಡಿರುತ್ತದೆ. ಗಂಭೀರ ಚಿತ್ರದಲ್ಲಿ ಇದರಿಂದ ಹಾನಿಯಿಲ್ಲ. ಹಾಸ್ಯದಲ್ಲಿ ಮಾತ್ರ ನೀವು ಚಟಾಕಿಯನ್ನು ಓದಿ ಮುಗಿಸಿದ ಮೇಲೆ ನಟ ಅದನ್ನು ಹೇಳಿದಂತಾಗಿ ನಗು ಅರ್ಧಕ್ಕೇ ನಿಲ್ಲುತ್ತದೆ. ಭಾಷೆ ಚೆನ್ನಾಗಿ ತಿಳಿದಿದ್ದರೆ ಸಬ್‌ಟೈಟಲನ್ನು ತೆಗೆದುಬಿಡಿ. ತಿಳಿಯದ ಭಾಷೆಯಾದರೆ ಅದು ಬೇಕೇ ಬೇಕು. ಆಗ ಸಾಲನ್ನು ಒಂದು ನೋಟದಲ್ಲಿ ಓದಿ ಕೂಡಲೇ ಕಣ್ಣನ್ನು ಮುಖಗಳ ಮೇಲೆ ತರುವುದನ್ನು ರೂಢಿಸಿಕೊಳ್ಳಿ. ಡಬ್ ಆದ ಆವೃತ್ತಿ ಇದ್ದರೆ ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಸಲಹೆ ಹೀಗೆ: ಮಾತಿನ ಚಕಮಕಿಯ ಚಿತ್ರವಾದರೆ ಮೂಲಭಾಷೆಯಲ್ಲಿ ಸಬ್‌ಟೈಟಲಿನೊಡನೆ ನೋಡಿ, ಏಕೆಂದರೆ ನಟನ ದನಿಯ ಏರಿಳಿತವೇ ಅಲ್ಲಿ ಅರ್ಧ ಹಾಸ್ಯ. ದೈಹಿಕ ಹಾಸ್ಯವೇ ಹೆಚ್ಚಿರುವ ಚಿತ್ರವಾದರೆ, ಅಥವಾ ಜೊತೆಗೆ ಮಕ್ಕಳೋ ಓದು ನಿಧಾನವಾದವರೋ ಇದ್ದರೆ, ಡಬ್ಬಿಂಗಿನಿಂದ ಹೆಚ್ಚು ನಷ್ಟವಿಲ್ಲ.

ಎಚ್ಚರ: ಚಿತ್ರವನ್ನು 1.25 ಅಥವಾ 1.5 ಪಟ್ಟು ವೇಗದಲ್ಲಿ ಓಡಿಸಬೇಡಿ. ಹಾಸ್ಯದಲ್ಲಿ ‘ಟೈಮಿಂಗ್’ ಎಂದು ಕರೆಯುವುದು ಮಾತು ಬರುವ ಕ್ಷಣವನ್ನು ಮಾತ್ರವಲ್ಲ, ಮಾತಿಗೆ ಮುಂಚಿನ ಮೌನವನ್ನೂ ಸಹ. ಪ್ರಶ್ನೆಗೂ ಉತ್ತರಕ್ಕೂ ನಡುವೆ ನಟಿ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಸಂಕಲನಕಾರರು ಚೌಕಟ್ಟುಗಳನ್ನು ಎಣಿಸಿ ನಿರ್ಧರಿಸಿರುತ್ತಾರೆ. ವೇಗ ಹೆಚ್ಚಿಸಿದರೆ ಮೊದಲು ಸಾಯುವುದು ಆ ಮೌನ. ಹತ್ತು ಸೆಕೆಂಡು ಮುಂದಕ್ಕೆ ಹಾರಿಸುವ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಂತ 3: ಒಂದೇ ಕೂತಿಗೆ ನೋಡಿ, ಮೊದಲ 20 ನಿಮಿಷ ತೀರ್ಪು ಕೊಡಬೇಡಿ

ಈ ಬಗೆಯ ಚಿತ್ರಗಳಲ್ಲಿ ಬಹಳಷ್ಟು 90ರಿಂದ 120 ನಿಮಿಷಗಳೊಳಗೆ ಮುಗಿಯುತ್ತವೆ. ಹಾಡುಗಳಿರುವವು ಇನ್ನಷ್ಟು ಉದ್ದವಿರುತ್ತವೆ. ಒಂದೇ ಕೂತಿಗೆ ನೋಡಿ ಎನ್ನುವುದಕ್ಕೆ ಕಾರಣವಿದೆ. ಹಾಸ್ಯಬರಹಗಾರರು ಒಂದು ವಸ್ತುವನ್ನೋ ಮಾತನ್ನೋ ಆರಂಭದಲ್ಲಿ ಅಮುಖ್ಯವೆಂಬಂತೆ ತಂದಿಟ್ಟು, ಪ್ರೇಕ್ಷಕರು ಅದನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಮುಂದೆ ತರುತ್ತಾರೆ. ನಾಯಕ ಮೊದಲ ಭೇಟಿಯಲ್ಲಿ ಹೇಳಿದ ಸಣ್ಣ ಸುಳ್ಳು ಒಂದು ಗಂಟೆಯ ನಂತರ ಊಟದ ಮೇಜಿನ ಬಳಿ ಎಲ್ಲರೆದುರು ಬಯಲಾಗುವಾಗ ಬರುವ ನಗು ಆ ಮೊದಲ ಭೇಟಿಯ ನೆನಪಿನಿಂದಲೇ ಬರುತ್ತದೆ. ಮೂರು ದಿನ ಹಂಚಿಕೊಂಡು ನೋಡಿದವರಲ್ಲಿ ಆ ನೆನಪು ಉಳಿದಿರುವುದಿಲ್ಲ.

ಮೊದಲ 20 ನಿಮಿಷಗಳಲ್ಲಿ ಚಿತ್ರ ತನ್ನ ಲೋಕದ ನಿಯಮಗಳನ್ನು ನಿಮಗೆ ತಿಳಿಸುತ್ತಿರುತ್ತದೆ. ಇಲ್ಲಿ ಜನ ಎಷ್ಟು ವೇಗವಾಗಿ ಮಾತನಾಡುತ್ತಾರೆ, ಕಾಕತಾಳೀಯಗಳು ಎಷ್ಟು ಸುಲಭವಾಗಿ ನಡೆಯುತ್ತವೆ, ಬಿದ್ದವರಿಗೆ ನೋವಾಗುತ್ತದೆಯೋ ಇಲ್ಲವೋ, ಇವೆಲ್ಲ ನಿಯಮಗಳೇ. ಜೋಡಿಯ ಮೊದಲ ಭೇಟಿಯೂ ಸಾಮಾನ್ಯವಾಗಿ ಇಲ್ಲೇ ಬರುತ್ತದೆ. ವಿಚಿತ್ರವಾದ, ನಗೆ ತರಿಸುವ ಈ ಮೊದಲ ಭೇಟಿಯನ್ನು ಚಿತ್ರರಂಗದವರು ‘ಮೀಟ್ ಕ್ಯೂಟ್’ ಎನ್ನುತ್ತಾರೆ. ಅದನ್ನು ಗಮನವಿಟ್ಟು ನೋಡಿ. ಇಬ್ಬರ ಸ್ವಭಾವ, ಇಬ್ಬರಲ್ಲೂ ಇರುವ ಕೊರತೆ, ಮುಂದಿನ ಜಗಳದ ಕಾರಣ, ಎಲ್ಲವನ್ನೂ ನುರಿತ ಬರಹಗಾರರು ಈ ಒಂದು ದೃಶ್ಯದಲ್ಲೇ ಅಡಗಿಸಿಟ್ಟಿರುತ್ತಾರೆ.

ಹಂತ 4: ‘ಏನು’ ಎಂಬುದನ್ನು ಬಿಟ್ಟು ‘ಹೇಗೆ’ ಎಂಬುದನ್ನು ಹಿಂಬಾಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತವಿದು. ರಾಗದ ಸ್ವರೂಪವನ್ನು ಬಲ್ಲ ಕೇಳುಗರು ಕಛೇರಿಗೆ ಹೋಗಿ ಕೂರುವುದು ಗಾಯಕರು ಅದನ್ನು ಇಂದು ಹೇಗೆ ಬೆಳೆಸುತ್ತಾರೆಂದು ಕೇಳುವುದಕ್ಕೆ; ಕಥೆಯ ಅಚ್ಚನ್ನು ಬಲ್ಲ ನೀವೂ ಹಾಗೆಯೇ ಕುಳಿತುಕೊಳ್ಳಬೇಕು. ಗಮನವಿಡಬೇಕಾದ ಜಾಗಗಳು ಮುಖ್ಯವಾಗಿ ಮೂರು ನಾಲ್ಕು.

ಎಲ್ಲಕ್ಕಿಂತ ಮೊದಲನೆಯದು ಮಾತಿನ ಕೊಡುಕೊಳ್ಳುವಿಕೆ. ಪ್ರೇಮಹಾಸ್ಯದಲ್ಲಿ ಜಗಳವೇ ಪ್ರಣಯ. ಶೇಕ್ಸ್‌ಪಿಯರ್ 16ನೆಯ ಶತಮಾನದ ಕೊನೆಯಲ್ಲಿ ಬರೆದ ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದ ಬಿಯಾಟ್ರಿಸ್ ಮತ್ತು ಬೆನೆಡಿಕ್ ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಮಾತಿನಲ್ಲಿ ಚುಚ್ಚುತ್ತಾರೆ, ಗೆಳೆಯರು ಹೂಡಿದ ಸಣ್ಣ ಮೋಸದಿಂದ ಇಬ್ಬರೂ ‘ಎದುರಿನವರಿಗೆ ನನ್ನ ಮೇಲೆ ಪ್ರೀತಿ’ ಎಂದು ನಂಬಿ ಮೆತ್ತಗಾಗುತ್ತಾರೆ. ಇಂದಿನ ಎಷ್ಟೋ ಜಗಳಗಂಟ ಜೋಡಿಗಳು ಇವರ ಸಂತಾನವೇ. ಇಂಥ ಜಗಳವನ್ನು ನೋಡುವಾಗ ಯಾರು ಗೆದ್ದರು ಎಂದು ಲೆಕ್ಕ ಹಾಕುವುದಕ್ಕಿಂತ, ಒಬ್ಬರ ಮಾತಿನ ಕೊನೆಯ ಎಳೆಯನ್ನು ಇನ್ನೊಬ್ಬರು ಹೇಗೆ ಎತ್ತಿಕೊಳ್ಳುತ್ತಾರೆಂದು ಕೇಳಿಸಿಕೊಳ್ಳಿ. ಅಷ್ಟು ಗಮನವಿಟ್ಟು ಕೇಳಿಸಿಕೊಳ್ಳುವ ಇಬ್ಬರು ಪ್ರೀತಿಯಲ್ಲಿದ್ದಾರೆಂಬುದು ಅವರಿಗಿಂತ ಮೊದಲೇ ನಿಮಗೆ ಗೊತ್ತಾಗುತ್ತದೆ. ಈ ಸಣ್ಣ ಮುಂದರಿವೇ ಪ್ರೇಮಹಾಸ್ಯ ಕೊಡುವ ದೊಡ್ಡ ಖುಷಿ ಎಂದು ನಾನು ಭಾವಿಸುತ್ತೇನೆ.

1930ರ ದಶಕದಲ್ಲಿ ಹಾಲಿವುಡ್ಡಿನಲ್ಲಿ ಬೆಳೆದ ‘ಸ್ಕ್ರೂಬಾಲ್ ಕಾಮಿಡಿ’ ಎಂಬ ಶಾಖೆ ಇದನ್ನು ಬಹಳ ಎತ್ತರಕ್ಕೆ ಒಯ್ದಿತು. ವೇಗದ ಮಾತು, ಅಸಂಗತ ಸನ್ನಿವೇಶ, ಗಂಡಿಗಿಂತ ಒಂದು ಹೆಜ್ಜೆ ಮುಂದಿರುವ ಹೆಣ್ಣು, ಇವು ಅದರ ಗುರುತುಗಳು. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ‘ಹೇಸ್ ಕೋಡ್’ ಎಂಬ ನಿಯಮಾವಳಿ ತೆರೆಯ ಮೇಲೆ ಶೃಂಗಾರವನ್ನು ತೋರಿಸುವುದಕ್ಕೆ ಬಿಗಿಯಾದ ಮಿತಿ ಹಾಕಿದ್ದರಿಂದ, ಆಕರ್ಷಣೆಯನ್ನೆಲ್ಲ ಮಾತು ಮತ್ತು ನೋಟದಲ್ಲೇ ತೋರಿಸುವ ಕೌಶಲ ಆಗ ಮೆರೆಯಿತು. ಹಳೆಯ ಕಪ್ಪು-ಬಿಳುಪು ಚಿತ್ರಗಳೆಂದು ಹಿಂಜರಿಯುವವರಿಗೆ ಈ ಶಾಖೆಯಿಂದಲೇ ಆರಂಭಿಸಿ ಎಂದು ನಾನು ಹೇಳುತ್ತೇನೆ. ಅವುಗಳ ವೇಗ ಇಂದಿನ ಬಹಳಷ್ಟು ಚಿತ್ರಗಳಿಗಿಲ್ಲ.

ಎರಡನೆಯದಾಗಿ, ಮಾತನಾಡುವವರ ಮುಖವನ್ನು ಬಿಟ್ಟು ಕೇಳುತ್ತಿರುವವರ ಮುಖವನ್ನು ನೋಡಿ. ಜೋಡಿಯ ನಡುವೆ ‘ಕೆಮಿಸ್ಟ್ರಿ’ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಕಾಣಿಸುವುದು ಬಹುತೇಕ ಈ ಕೇಳುವ ಮುಖದಲ್ಲಿ. ನಗುವನ್ನು ತಡೆದುಕೊಂಡ ತುಟಿ, ತಿರುಗಿ ನೋಡಬಾರದೆಂದುಕೊಂಡೂ ತಿರುಗಿದ ಕತ್ತು, ಇಂಥ ಚಿಕ್ಕ ಚಿಕ್ಕ ಚಲನೆಗಳನ್ನು ಹಿಡಿಯತೊಡಗಿದರೆ ಕಥೆ ಹಳೆಯದೆಂಬ ಬೇಸರ ಹತ್ತಿರ ಸುಳಿಯುವುದಿಲ್ಲ.

ಮೂರನೆಯದು ಗೆಳೆಯ ಗೆಳತಿಯರ ಪಾತ್ರಗಳು. ಪ್ರೇಮಿಗಳು ತಮ್ಮ ಮನಸ್ಸನ್ನು ತಾವೇ ಅರಿಯದಿರುವಾಗ ಅದನ್ನು ಬಾಯಿಬಿಟ್ಟು ಹೇಳುವ ಕೆಲಸ ಇವರದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ವಿದೂಷಕ ಗೌತಮ ತನಗೆ ಹಾವು ಕಚ್ಚಿದೆಯೆಂದು ನಟಿಸಿ, ಚಿಕಿತ್ಸೆಯ ನೆಪದಲ್ಲಿ ರಾಣಿಯ ಸರ್ಪಮುದ್ರೆಯ ಉಂಗುರವನ್ನು ಪಡೆದು, ಅದನ್ನೇ ತೋರಿಸಿ ಸೆರೆಯಲ್ಲಿದ್ದ ಮಾಲವಿಕೆಯನ್ನು ಬಿಡಿಸುತ್ತಾನೆ. ಒಡೆಯನ ಪ್ರೇಮಕ್ಕಾಗಿ ಇಷ್ಟು ಹಗರಣ ಮಾಡುವ ಈ ಗೆಳೆಯನನ್ನು ಇಂದಿನ ಚಿತ್ರಗಳ ಸಹಪಾತ್ರಗಳಲ್ಲಿ ನೀವು ಸುಲಭವಾಗಿ ಗುರುತಿಸಬಹುದು. ಕಥಾನಾಯಕರಿಗೆ ಅಂಟಿದ ಮರ್ಯಾದೆಯ ಹಂಗು ಇವರಿಗಿಲ್ಲ. ಹಾಗಾಗಿ ಚಿತ್ರದ ಅತಿ ಒಳ್ಳೆಯ ಮಾತುಗಳು ಅನೇಕ ವೇಳೆ ಇವರ ಪಾಲಾಗುತ್ತವೆ.

ಮರುಕಳಿಸುವ ಹಾಸ್ಯವನ್ನೂ ಗಮನಿಸುತ್ತಿರಿ. ಒಂದೇ ಸಂಗತಿ ಎರಡು ಬಾರಿ ಒಂದೇ ರೀತಿ ನಡೆದು, ಮೂರನೆಯ ಬಾರಿ ದಾರಿ ತಪ್ಪುವುದು ಹಾಸ್ಯದ ಬಹಳ ಹಳೆಯ ಕಟ್ಟುಪಾಡು. ಎರಡನೆಯ ಬಾರಿ ಬಂದಾಗ ಅದನ್ನು ಗುರುತಿಸಿದ ಪ್ರೇಕ್ಷಕರು ಮೂರನೆಯದಕ್ಕಾಗಿ ಕಾಯುತ್ತಾರೆ, ಆ ಕಾಯುವಿಕೆಯಲ್ಲೂ ಸುಖವಿದೆ.

ಎಚ್ಚರ: ಗಟ್ಟಿಯಾದ ನಗುವನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ‘ನನಗೆ ನಗು ಬರಲಿಲ್ಲ’ ಎನ್ನುವವರಲ್ಲಿ ಅನೇಕರು ಇಡೀ ಚಿತ್ರದುದ್ದಕ್ಕೂ ಮುಗುಳ್ನಕ್ಕಿರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಾಟ್ಯಶಾಸ್ತ್ರ ನಗುವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸುತ್ತದೆ. ಹಲ್ಲು ಕಾಣದ ಸ್ಮಿತದಿಂದ ತೊಡಗಿ ಕಣ್ಣಲ್ಲಿ ನೀರು ತರಿಸುವ ಅಬ್ಬರದವರೆಗೆ ಎಲ್ಲವೂ ಅಲ್ಲಿ ಹಾಸ್ಯವೇ. ಉತ್ತಮರಿಗೆ ಹೇಳಿದ್ದು ಮೊದಲಿನ ಎರಡನ್ನು. ಹಗುರವಾದ ಪ್ರೇಮಹಾಸ್ಯ ಬಹುಪಾಲು ಈ ಸ್ಮಿತ-ಹಸಿತಗಳ ಸೀಮೆಯಲ್ಲೇ ಸಂಚರಿಸುತ್ತದೆ. ಕೆನ್ನೆ ಸಡಿಲವಾಗಿದ್ದರೆ ಚಿತ್ರ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಹಂತ 5: ಯಾವುದನ್ನು ಮನ್ನಿಸಬೇಕು, ಯಾವುದನ್ನು ಮನ್ನಿಸಬಾರದು?

ಲಾಜಿಕ್ ಇಲ್ಲವೆಂಬುದು ಈ ಚಿತ್ರಗಳ ಮೇಲಿನ ದೊಡ್ಡ ದೂರು. ಇಷ್ಟು ದೊಡ್ಡ ನಗರದಲ್ಲಿ ಇಬ್ಬರೂ ಮೂರು ಸಲ ಆಕಸ್ಮಿಕವಾಗಿ ಎದುರಾಗುವುದು ಹೇಗೆ? ಅಷ್ಟು ಸಣ್ಣ ಕೆಲಸದಲ್ಲಿರುವವಳು ಅಂಥ ಮನೆಯಲ್ಲಿ ಹೇಗಿರುತ್ತಾಳೆ? ಒಂದು ಫೋನ್ ಮಾಡಿದ್ದರೆ ಬಗೆಹರಿಯುತ್ತಿದ್ದ ವಿಷಯಕ್ಕೆ ಇಷ್ಟು ರಂಪವೇಕೆ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ, ಆದರೆ ಕೇಳುವ ಜಾಗ ಇದಲ್ಲ. ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಾವ್ಯದ ಎದುರು ಓದುಗ ತನ್ನ ಅಪನಂಬಿಕೆಯನ್ನು ಸ್ವಂತ ಇಚ್ಛೆಯಿಂದ ಸ್ವಲ್ಪ ಹೊತ್ತು ಬದಿಗಿಡುತ್ತಾನೆ ಎಂದು ವಿವರಿಸಿದ. ‘ಸ್ವಂತ ಇಚ್ಛೆಯಿಂದ’ ಎಂಬುದೇ ಇಲ್ಲಿ ಮುಖ್ಯ. ನಿಮ್ಮ ಬುದ್ಧಿಯನ್ನು ಯಾರೂ ಕಸಿದುಕೊಂಡಿಲ್ಲ, ಅದನ್ನು ನೀವೇ ವಿಶ್ರಾಂತಿಗೆ ಕಳಿಸಿದ್ದೀರಿ. ಕಾಕತಾಳೀಯ, ಹವಾಮಾನ, ಹಣದ ಲೆಕ್ಕ, ಊರಿಂದೂರಿಗೆ ಹೋಗಲು ಬೇಕಾದ ಸಮಯ, ಇವುಗಳನ್ನೆಲ್ಲ ಧಾರಾಳವಾಗಿ ಮನ್ನಿಸಿ.

ಆದರೆ ಒಂದನ್ನು ನೀವು ಚಿತ್ರದಿಂದ ಖಂಡಿತವಾಗಿ ನಿರೀಕ್ಷಿಸಬಹುದು, ಅದು ಪಾತ್ರದ ಸ್ವಭಾವದ ಸತ್ಯ. ಅರ್ಧ ಚಿತ್ರದವರೆಗೆ ಸೂಕ್ಷ್ಮಮತಿಯಾಗಿದ್ದ ಹುಡುಗಿ ಕಥೆಗೆ ಬೇಕೆಂಬ ಕಾರಣಕ್ಕೆ ಥಟ್ಟನೆ ಪೆದ್ದಿಯಾದರೆ ಅದು ಬರಹದ ಸೋಲು, ಅಲ್ಲಿ ನಿಮಗೆ ಬೇಸರವಾದರೆ ಆ ಬೇಸರ ಸರಿಯಾದದ್ದೇ.

ಮನ್ನಿಸಬಾರದ್ದೂ ಒಂದಿದೆ, ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ‘ಬೇಡ’ ಎಂದವಳನ್ನು ಹಿಂಬಾಲಿಸಿ ಕಾಡುವುದನ್ನು ಪ್ರೀತಿಯೆಂದು ತೋರಿಸುವ, ಒಬ್ಬರ ಮೈಬಣ್ಣ, ದೇಹದ ಗಾತ್ರ, ಮಾತಿನ ತೊದಲನ್ನು ನಗೆಗೆ ವಸ್ತುವಾಗಿಸುವ ಚಿತ್ರಗಳು ಹಿಂದೆಯೂ ಬಂದಿವೆ, ಈಗಲೂ ಬರುತ್ತಿವೆ. ‘ಸುಮ್ಮನೆ ಮನರಂಜನೆ ತಾನೇ’ ಎಂದು ನಿಮ್ಮ ಕಸಿವಿಸಿಯನ್ನು ಅದುಮಿಕೊಳ್ಳಬೇಕಾಗಿಲ್ಲ. ಹಗುರವಾದ ಮನರಂಜನೆ ಎಂದರೆ ಯಾರ ಎದೆಯ ಮೇಲೂ ಭಾರ ಹೇರದ ಮನರಂಜನೆ. ಅಂಥ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ ಬೇರೊಂದನ್ನು ಹಾಕಿಕೊಳ್ಳಿ. ಹಾಗೆಯೇ, ಅರ್ಧ ಗಂಟೆ ಕಳೆದರೂ ಇಬ್ಬರು ನಾಯಕರಲ್ಲಿ ಒಬ್ಬರ ಬಗ್ಗೆಯಾದರೂ ನಿಮಗೆ ಒಲವು ಹುಟ್ಟದಿದ್ದರೆ ಬಿಟ್ಟುಬಿಡುವುದರಲ್ಲಿ ತಪ್ಪೇನೂ ಇಲ್ಲ.

ಹಂತ 6: ಮುನಿಸಿನ ಘಟ್ಟವನ್ನು ದಾಟಿ

ಚಿತ್ರದ ಸುಮಾರು ಮುಕ್ಕಾಲು ಭಾಗ ಕಳೆದಾಗ ಜೋಡಿ ಬೇರ್ಪಡುತ್ತದೆ. ಮುಚ್ಚಿಟ್ಟ ಸುಳ್ಳು ಬಯಲಾಗುತ್ತದೆ, ಅಥವಾ ಅರ್ಧ ಕೇಳಿದ ಮಾತೊಂದು ಅನರ್ಥ ಮಾಡುತ್ತದೆ. ಹಾಸ್ಯ ಬತ್ತಿ, ಮಳೆ, ಒಂಟಿ ನಡಿಗೆ, ವಿಷಾದದ ಹಾಡು ಬರುವ ಹೊತ್ತು ಇದು. ಬಹಳಷ್ಟು ಪ್ರೇಕ್ಷಕರು ಫೋನ್ ಕೈಗೆತ್ತಿಕೊಳ್ಳುವುದು ಇಲ್ಲೇ. ಅಲಂಕಾರಶಾಸ್ತ್ರ ಶೃಂಗಾರವನ್ನು ಸಂಭೋಗ ಅಂದರೆ ಕೂಡಿರುವಿಕೆ, ವಿಪ್ರಲಂಭ ಅಂದರೆ ಅಗಲಿಕೆ ಎಂದು ಎರಡಾಗಿ ನೋಡುತ್ತದೆ; ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಪುಷ್ಟಿಯಿಲ್ಲ. ಈ ಘಟ್ಟದಲ್ಲಿ ‘ಇವರು ಕೂಡುತ್ತಾರೋ ಇಲ್ಲವೋ’ ಎಂದು ಕೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಕ್ಷಮೆ ಕೇಳಬೇಕಾದವರು ಯಾರು, ಯಾವ ಮಾತಿನಿಂದ ಕೇಳಿದರೆ ಅದು ಸಾಲುತ್ತದೆ ಎಂದು ಯೋಚಿಸುತ್ತ ನೋಡಿ. ಕ್ಲೈಮ್ಯಾಕ್ಸಿನಲ್ಲಿ ವಿಮಾನ ನಿಲ್ದಾಣದವರೆಗೆ ಓಡಿ ಬಂದವನು ಆಡುವ ನಾಲ್ಕು ಮಾತು ಚೆನ್ನಾಗಿವೆಯೋ ಇಲ್ಲವೋ ಎಂದು ಆಗ ನೀವೇ ತೂಗಿ ಹೇಳಬಲ್ಲಿರಿ.

ಹಂತ 7: ಯಾರ ಜೊತೆ ನೋಡುತ್ತೀರಿ ಎಂಬುದನ್ನೂ ಯೋಚಿಸಿ

ನಗುವಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್, ಒಬ್ಬರೇ ಇರುವಾಗಿಗಿಂತ ಇತರರ ಜೊತೆ ಇರುವಾಗ ಜನ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು ಕಂಡುಕೊಂಡರು. ತುಂಬಿದ ಚಿತ್ರಮಂದಿರದಲ್ಲಿ ನೋಡಿ ನಕ್ಕ ಚಿತ್ರ ಮನೆಯಲ್ಲಿ ಒಂಟಿಯಾಗಿ ನೋಡುವಾಗ ಸಪ್ಪೆಯೆನಿಸಿದರೆ ಚಿತ್ರವನ್ನಾಗಲಿ ನಿಮ್ಮನ್ನಾಗಲಿ ದೂರಬೇಕಾಗಿಲ್ಲ. ಒಂಟಿಯಾಗಿ ನೋಡುವವರಿಗೆ ಮಾಧುರ್ಯ ಪ್ರಧಾನವಾದ ಚಿತ್ರಗಳು ಹೆಚ್ಚು ಒಗ್ಗುತ್ತವೆ, ಅಬ್ಬರದ ಹಾಸ್ಯವನ್ನು ಗುಂಪಿಗೆ ಮೀಸಲಿಡಿ.

ಗುಂಪಿನಲ್ಲಿ ಚಿತ್ರ ಆರಿಸುವುದು ಕಷ್ಟವಾದರೆ ಒಬ್ಬರು ಮೂರು ಹೆಸರು ಹೇಳಲಿ, ಉಳಿದವರು ತಮಗೆ ಬೇಡದ್ದನ್ನು ತೆಗೆದುಹಾಕಲಿ. ಉಳಿದದ್ದನ್ನು ತಕರಾರಿಲ್ಲದೆ ನೋಡಿ. ಈಗಾಗಲೇ ನೋಡಿದವರು ಜೊತೆಯಲ್ಲಿದ್ದರೆ ‘ಈಗ ನೋಡು, ಈಗ ನೋಡು’ ಎಂದು ಮೊದಲೇ ಎಚ್ಚರಿಸದಂತೆ ಅವರನ್ನು ಪ್ರೀತಿಯಿಂದ ಕೇಳಿಕೊಳ್ಳಿ. ಮೈಮರೆತು ನಕ್ಕವರನ್ನು ‘ಇದಕ್ಕೂ ನಗುತ್ತೀಯಾ’ ಎಂದು ಕೇಳುವವರ ಜೊತೆ ಹಾಸ್ಯಚಿತ್ರ ನೋಡುವುದು ದಂಡ. ಅವರೊಡನೆ ಬೇರೆ ಬಗೆಯ ಚಿತ್ರ ನೋಡಿ.

ಎಚ್ಚರ: ಸಂಗಾತಿಯ ಜೊತೆ ನೋಡುವಾಗ ತೆರೆಯ ಮೇಲಿನ ಪ್ರೇಮಿಗಳನ್ನು ನಿಮ್ಮ ಸಂಸಾರಕ್ಕೆ ಹೋಲಿಸಲು ಹೋಗಬೇಡಿ. ಈ ಕಥೆಗಳು ಸಾಮಾನ್ಯವಾಗಿ ಸಂಬಂಧ ಆರಂಭವಾಗುವ ಕ್ಷಣಕ್ಕೇ ಮುಗಿಯುತ್ತವೆ. ಹತ್ತು ವರ್ಷ ಒಟ್ಟಿಗೆ ಬಾಳಿದವರ ದಿನಚರಿಯನ್ನು ಆ ಕ್ಷಣದ ಪಕ್ಕದಲ್ಲಿಟ್ಟು ಅಳೆಯುವುದು ಇಬ್ಬರಿಗೂ ಅನ್ಯಾಯ.

ಹಂತ 8: ಮುಗಿದ ಕೂಡಲೇ ಅಂಕ ನೋಡಲು ಹೋಗಬೇಡಿ

ಒಟಿಟಿಯಲ್ಲಿ ನೋಡುವವರು ‘ಆಟೊಪ್ಲೇ’, ಅಂದರೆ ಮುಂದಿನ ಚಿತ್ರ ತಾನಾಗಿಯೇ ಆರಂಭವಾಗುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡಿ. ಕೊನೆಯ ಹೆಸರುಗಳು ಓಡುವಾಗ ಚಿತ್ರೀಕರಣದ ವೇಳೆ ನಟರು ತಪ್ಪಿ ನಕ್ಕ ತುಣುಕುಗಳನ್ನೋ ಪಾತ್ರಗಳ ಮುಂದಿನ ಬದುಕಿನ ಚುಟುಕು ದೃಶ್ಯವನ್ನೋ ಸೇರಿಸುವ ವಾಡಿಕೆ ಈ ಪ್ರಕಾರದಲ್ಲಿದೆ. ಅದಿಲ್ಲದಿದ್ದರೂ ಆ ನಾಲ್ಕೈದು ನಿಮಿಷದ ಸಂಗೀತ ನಗುವನ್ನು ನಿಧಾನವಾಗಿ ಇಳಿಯಗೊಡುತ್ತದೆ.

ನೋಡಿ ಖುಷಿಯಾಗಿರುವಾಗಲೇ ಜಾಲತಾಣಗಳಲ್ಲಿ ಅದಕ್ಕೆ ಎಷ್ಟು ನಕ್ಷತ್ರ ಸಿಕ್ಕಿವೆಯೆಂದು ಹುಡುಕುವ ಅಭ್ಯಾಸ ಹಲವರಿಗಿದೆ. ಐದರಲ್ಲಿ ಎರಡೂವರೆ ಎಂದು ಕಂಡರೆ ತಾವು ಪಟ್ಟ ಸಂತೋಷವನ್ನೇ ಅವರು ಅನುಮಾನಿಸತೊಡಗುತ್ತಾರೆ. ವಿಮರ್ಶೆಯನ್ನು ಓದಲೇಬೇಕೆಂದಿದ್ದರೆ ಒಂದು ದಿನ ಬಿಟ್ಟು ಓದಿ. ಹಗುರವೆಂಬ ಕಾರಣಕ್ಕೆ ಕೀಳೆಂದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಪುರಾವೆ ಬೇಕಿದ್ದರೆ ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿದ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಇದೆ: ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ ಈ ಐದೂ ಮುಖ್ಯ ಆಸ್ಕರ್ ಪ್ರಶಸ್ತಿಗಳನ್ನು ಒಟ್ಟಿಗೆ ಪಡೆದ ಮೊತ್ತಮೊದಲ ಚಿತ್ರ ಅದು, ಅಪ್ಪಟ ಪ್ರೇಮಹಾಸ್ಯ.

ಜೊತೆಯಲ್ಲಿ ನೋಡಿದವರೊಡನೆ ಮಾತನಾಡುವಾಗ ‘ಹೇಗಿತ್ತು’ ಎಂದು ಕೇಳದೆ ‘ಯಾವ ದೃಶ್ಯ ಇಷ್ಟವಾಯಿತು’ ಎಂದು ಕೇಳಿ. ಮೊದಲ ಪ್ರಶ್ನೆಗೆ ‘ಪರವಾಗಿಲ್ಲ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡನೆಯದಕ್ಕೆ ಆ ದೃಶ್ಯವನ್ನು ಅಭಿನಯಿಸಿಯೇ ತೋರಿಸುತ್ತಾರೆ.

ನಿಮಗೆ ಒಪ್ಪಿದ ಚಿತ್ರಗಳ ಹೆಸರನ್ನು ಒಂದೆಡೆ ಬರೆದಿಡಿ, ಪಕ್ಕದಲ್ಲಿ ಅದು ಎಂಥ ದಿನಕ್ಕೆ ಸರಿ ಎಂದೂ ಗುರುತು ಹಾಕಿ: ದಣಿದ ದಿನಕ್ಕೆ, ಗುಂಪಿಗೆ, ಮನಸ್ಸು ಸೋತ ದಿನಕ್ಕೆ. ಪ್ರೇಮಹಾಸ್ಯವನ್ನು ಎರಡನೆಯ ಸಲ ನೋಡುವುದರಲ್ಲಿ ನಷ್ಟವೇನಿಲ್ಲ, ಕೊನೆ ಹೇಗೂ ಮೊದಲ ಸಲವೂ ಗೊತ್ತಿತ್ತು. ಕೆಲವು ತಿಂಗಳ ಅಂತರವಿರಲಿ, ಮಾತುಗಳು ಅರ್ಧ ಮರೆತಿರಲಿ; ಆಗ ಮೊದಲ ಭೇಟಿಯ ದೃಶ್ಯದಿಂದಲೇ, ಕೇಳುತ್ತಿರುವವರ ಮುಖವನ್ನು ಗಮನಿಸುತ್ತ ನೋಡಲು ಆರಂಭಿಸಿ.